ಗುಲ್ಮಾರ್ಗ್, ಔಲಿ, ಸೋಲಂಗ್: ಒದ್ದೆ ಕಾಲುಚೀಲ ಎಲ್ಲಿ ಒಣಗುತ್ತದೆ?

ನಮ್ಮ ಮನೆಯವರಿಗೆಲ್ಲ ಹಿಡಿಸಿದ್ದು ಮನಾಲಿ ಬಳಿಯ ಸೋಲಂಗ್‌ನ ಮರದ ಲಾಡ್ಜು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಧಾರವಾಡದ ಸಪ್ತಾಪುರದ ನಮ್ಮ ಓಣಿಯಲ್ಲಿ ಈ ಸಲ ಎರಡು ಮನೆಯವರು ಮಕ್ಕಳನ್ನು ಕಟ್ಟಿಕೊಂಡು ಹಿಮ ನೋಡಲು, ಸ್ಕೀಯಿಂಗ್ ಕಲಿಸಲು ಹೊರಟಿದ್ದಾರೆ. ಇಬ್ಬರೂ ನನ್ನನ್ನು ಕೇಳಿದ್ದು ಒಂದೇ ಮಾತು: "ಅಕ್ಕಾ, ಗುಲ್ಮಾರ್ಗ್ ಒಳ್ಳೆಯದೋ, ಔಲಿಯೋ, ಮನಾಲಿಯೋ? ನೀವು ಎಲ್ಲಿ ಇಳಿದುಕೊಂಡಿದ್ದಿರಿ?" ಗೇಟಿನ ಬಳಿ ನಿಂತು ಹೇಳಿ ಮುಗಿಸುವ ವಿಷಯವಲ್ಲ ಎಂದು ಬರೆಯಲು ಕುಳಿತೆ.

ನಾವು ಐವರು. ನಾನು, ನಮ್ಮವರು, ಮಗ, ಮಗಳು ಮತ್ತು ಎಪ್ಪತ್ತು ದಾಟಿದ ಅತ್ತೆಯವರು. ಗುಲ್ಮಾರ್ಗ್‌ಗೆ ಹೋದದ್ದು 2023ರಲ್ಲಿ, ಔಲಿಗೆ 2024ರಲ್ಲಿ, ಸೋಲಂಗ್‌ಗೆ 2025ರಲ್ಲಿ. ನಮ್ಮ ಶಾಲೆಗಳ ದೊಡ್ಡ ರಜೆಗಳು ದಸರೆಗೆ ಮತ್ತು ಬೇಸಿಗೆಗೆ ಬರುತ್ತವೆ. ಆ ಎರಡರಲ್ಲೂ ಸ್ಕೀಯಿಂಗಿಗೆ ತಕ್ಕ ಹಿಮ ಸಿಗುವುದಿಲ್ಲ. ಡಿಸೆಂಬರ್ ಕೊನೆಯ ವಾರ ಹೋಗೋಣವೆಂದರೆ ಬಾಡಿಗೆ ಕೈಗೆಟುಕುವುದಿಲ್ಲ. ಹಾಗಾಗಿ ಗಣರಾಜ್ಯೋತ್ಸವ ಮುಗಿದ ಮೇಲೆ ಮಕ್ಕಳಿಗೆ ಒಂದು ವಾರದ ರಜೆ ಬರೆದುಕೊಟ್ಟು ಹೊರಡುವುದು ನಮ್ಮ ರೂಢಿ. 2024ರ ಜನವರಿಯಲ್ಲಂತೂ ಹಿಮವೇ ಬೀಳದೆ ಗುಲ್ಮಾರ್ಗ್‌ನ ಬೋಳು ಇಳಿಜಾರಿನ ಚಿತ್ರಗಳು ಪತ್ರಿಕೆಗಳಲ್ಲಿ ಬಂದಿದ್ದವು. ನಾವು ಔಲಿಯ ದಿನಾಂಕವನ್ನು ಫೆಬ್ರವರಿ ಎರಡನೆಯ ವಾರಕ್ಕೆ ತಳ್ಳಿ ಬಚಾವಾದೆವು. ದಿನಾಂಕ ಬದಲಿಸಲು ಒಪ್ಪುವ ಲಾಡ್ಜನ್ನೇ ಹಿಡಿಯಿರಿ.

ಗುಲ್ಮಾರ್ಗ್‌ನ ಹೋಟೆಲಿನ ಬಗ್ಗೆ ದೂರು ಹೇಳಿದರೆ ಪಾಪ ಬಂದೀತು. ಬಾಗಿಲು ತೆರೆದು ಒಳಗೆ ಕಾಲಿಟ್ಟರೆ ಸಾಕು, ಮೈ ಬೆಚ್ಚಗಾಗುತ್ತಿತ್ತು. ಇಡೀ ಕಟ್ಟಡಕ್ಕೆ ಕೊಳವೆಗಳಲ್ಲಿ ಬಿಸಿ ಹರಿಯುತ್ತದೆ. ಸ್ಕೀ, ಬೂಟು, ಕೈಗವಸುಗಳನ್ನು ಕೆಳಗಿನ ಕೋಣೆಯಲ್ಲಿ ಒಪ್ಪಿಸಿದರೆ ಮರುದಿನ ಬೆಳಗ್ಗೆ ಒಣಗಿಸಿ ಕೈಗೆ ಕೊಡುತ್ತಿದ್ದರು. ಆಗ ಅದೊಂದು ದೊಡ್ಡ ಸೌಕರ್ಯ ಎಂದು ನಮಗೆ ಹೊಳೆಯಲೇ ಇಲ್ಲ. ಹಿಮದೂರಿನ ವಸತಿಗಳಲ್ಲಿ ಎಲ್ಲೆಡೆ ಹೀಗೆಯೇ ಇರುತ್ತದೆ ಎಂದುಕೊಂಡೆವು. ಮುಂದಿನ ವರ್ಷ ಪಟ್ಟ ಪಾಡಿಗೆಲ್ಲ ಈ ತಪ್ಪು ತಿಳಿವಳಿಕೆಯೇ ಮೂಲ.

ಗುಲ್ಮಾರ್ಗ್‌ನಲ್ಲಿ ನಮ್ಮನ್ನು ಹಿಂಡಿದ್ದು ಹಣ. ಶ್ರೀನಗರದಿಂದ ಬಂದ ಕಾರು ಟಂಗ್‌ಮರ್ಗ್‌ನಲ್ಲೇ ನಿಂತಿತು. ಹಿಮ ಬಿದ್ದಾಗ ಅಲ್ಲಿಂದ ಮೇಲಿನ 13 ಕಿಲೋಮೀಟರಿಗೆ ಚಕ್ರಕ್ಕೆ ಸರಪಳಿ ಬಿಗಿದ ಬೇರೆ ಗಾಡಿ ಹಿಡಿಯಬೇಕು, ಅದರ ದರ ನಮ್ಮ ಎಣಿಕೆಯಲ್ಲಿ ಇರಲಿಲ್ಲ. ಗೊಂಡೋಲಾ, ಅಂದರೆ ತಂತಿಯ ಮೇಲೆ ಬೆಟ್ಟ ಹತ್ತುವ ತೊಟ್ಟಿಲು, ಎರಡು ಹಂತದ್ದು. ಮೊದಲನೆಯದು ಕೊಂಗ್‌ಡೂರಿಗೆ, ಎರಡನೆಯದು ಅಫರ್ವತ್ ಬೆಟ್ಟದ ಭುಜದವರೆಗೆ, ಅಂದರೆ ಸುಮಾರು 3,950 ಮೀಟರ್ ಎತ್ತರಕ್ಕೆ. ಮೇಲೆ ಹೋದ ಹತ್ತೇ ನಿಮಿಷದಲ್ಲಿ ಮಗನಿಗೆ ತಲೆನೋವು ಬಂದು ಕೆಳಗಿಳಿದೆವು. ಟಿಕೆಟನ್ನು ಮುಂಚಿತವಾಗಿ ಮೊಬೈಲಿನಲ್ಲೇ ಕೊಳ್ಳಬೇಕು. ನಾಲ್ಕು ರಾತ್ರಿ, ಎರಡು ಕೋಣೆ, ಐವರ ವಿಮಾನ ಎಲ್ಲ ಸೇರಿ ಎರಡೂವರೆ ಲಕ್ಷ ರೂಪಾಯಿ ದಾಟಿತು. ಅದೂ ಅಲ್ಲದೆ ಮಕ್ಕಳಿಗೆ ಸಿಕ್ಕಿದ್ದು ಮೂರೇ ದಿನ. ಮೂರು ದಿನದಲ್ಲಿ ಮಗು ಬೀಳುವುದನ್ನು ಕಲಿಯುತ್ತದೆ. ನಿಲ್ಲುವುದು ಬರುವುದು ಅದರ ಮುಂದೆ.

ಇನ್ನು ಔಲಿ.

ಔಲಿಯ ದಾರಿಯನ್ನು ಅತ್ತೆಯವರು ಇಂದಿಗೂ ನೆನೆಯುತ್ತಾರೆ. ಋಷಿಕೇಶದಿಂದ ಜೋಶಿಮಠಕ್ಕೆ ಸುಮಾರು 250 ಕಿಲೋಮೀಟರು, ಇಡೀ ಒಂದು ದಿನ. ತಿರುವುಗಳಲ್ಲಿ ಹೊಟ್ಟೆ ತೊಳಸಿದರೂ ಅವರು ದೇವಪ್ರಯಾಗ, ರುದ್ರಪ್ರಯಾಗ, ಕರ್ಣಪ್ರಯಾಗ, ನಂದಪ್ರಯಾಗ ಎಂದು ಒಂದೊಂದು ಸಂಗಮಕ್ಕೂ ಕೈಮುಗಿದರು. ಬದರಿಯ ಬಾಗಿಲು ಮುಚ್ಚಿದ ಚಳಿಗಾಲದಲ್ಲಿ ಶಂಕರಾಚಾರ್ಯರ ಗದ್ದುಗೆ ಬಂದು ನೆಲೆಸುವ ನರಸಿಂಹ ದೇವಸ್ಥಾನ ಜೋಶಿಮಠದಲ್ಲಿದೆ. ಅಲ್ಲಿ ಅವರು ಅರ್ಧ ತಾಸು ಕಣ್ಣುಮುಚ್ಚಿ ಕುಳಿತಿದ್ದರು. ಜೋಶಿಮಠದಿಂದ ಔಲಿಗೆ ಸುಮಾರು ನಾಲ್ಕು ಕಿಲೋಮೀಟರಿನ ರೋಪ್‌ವೇ ಇದೆಯಾದರೂ 2023ರ ಜನವರಿಯಲ್ಲಿ ಊರಿನ ನೆಲ ಕುಸಿಯತೊಡಗಿದಾಗ ನಿಲ್ಲಿಸಿದ್ದರು, ನಾವು ಹೋದಾಗಲೂ ನಿಂತೇ ಇತ್ತು. ಬಿರುಕು ಬಿಟ್ಟು ಖಾಲಿ ಮಾಡಿಸಿದ ಮನೆಗಳನ್ನು ದಾಟಿಕೊಂಡು ರಸ್ತೆಯಲ್ಲೇ ಮೇಲೇರಿದೆವು. ಮಕ್ಕಳೂ ಮಾತಾಡಲಿಲ್ಲ.

ಮೇಲೆ ಲಾಡ್ಜಿನ ಅಂಗಳದಲ್ಲಿ ಇಳಿದು ತಲೆಯೆತ್ತಿದರೆ ಎದುರಿಗೆ ನಂದಾದೇವಿ. 7,816 ಮೀಟರ್ ಎಂದು ಪುಸ್ತಕದಲ್ಲಿ ಓದುವುದೇ ಬೇರೆ, ಸಂಜೆಯ ಬಿಸಿಲಿನಲ್ಲಿ ಆ ಶಿಖರ ಕುಂಕುಮದ ಬಣ್ಣಕ್ಕೆ ತಿರುಗುವುದನ್ನು ನೋಡುವುದೇ ಬೇರೆ. ನೋಟದಲ್ಲಿ ಗುಲ್ಮಾರ್ಗ್ ಆಗಲಿ ಸೋಲಂಗ್ ಆಗಲಿ ಔಲಿಯ ಹತ್ತಿರ ಸುಳಿಯಲಾರವು. ಕಲಿಸುವುದರಲ್ಲಿಯೂ ಔಲಿಯದೇ ಮೇಲುಗೈ. ಇಳಿಜಾರು ಅಗಲವಾಗಿದೆ, ತರಬೇತುದಾರರು ಶಿಸ್ತಿನವರು, ಏಳು ದಿನದ ಕೋರ್ಸು ಮಾಡಿದವರು ನಿಜವಾಗಿ ಕಲಿತು ಹೊರಡುತ್ತಾರೆ. ಬಾಗಿಲಿನಿಂದ ಇಳಿಜಾರಿಗೆ ನೂರು ಹೆಜ್ಜೆ. ಕೋಣೆಗೆ ದಿನಕ್ಕೆ ನಾಲ್ಕೂವರೆ ಸಾವಿರ. ಇಷ್ಟೆಲ್ಲ ಇದ್ದೂ ನಮ್ಮ ಆರು ದಿನಗಳಲ್ಲಿ ಎರಡು ದಿನ ಕೋಣೆಯಲ್ಲೇ ಕಳೆದುಹೋದವು. ಕಾರಣ ಒದ್ದೆ ಕಾಲುಚೀಲ.

ಸ್ಕೀಯಿಂಗ್ ಕಲಿಯುವವರು ಬೀಳುತ್ತಲೇ ಇರುತ್ತಾರೆ. ಬಿದ್ದಾಗ ಕೈ ಊರಿ ಏಳುತ್ತಾರೆ, ಮೊಣಕಾಲು ಹಿಮದೊಳಗೆ ಹೂತುಹೋಗುತ್ತದೆ, ಬೂಟಿನ ಬಾಯಿಯಿಂದ ಹಿಮ ಒಳಕ್ಕೆ ಸೇರುತ್ತದೆ. ಮೈಶಾಖಕ್ಕೆ ಅದು ಕರಗಿ ನೀರಾಗುತ್ತದೆ. ಮೊದಲ ದಿನ ಸಂಜೆ ನಾಲ್ಕೂವರೆಗೆ ಕೋಣೆಗೆ ಬಂದಾಗ ನಾಲ್ಕು ಜೊತೆ ಕೈಗವಸು, ಎಂಟು ಜೊತೆ ಕಾಲುಚೀಲ, ಎರಡು ಪ್ಯಾಂಟು ತೊಯ್ದು ತೊಪ್ಪೆಯಾಗಿದ್ದವು. ಚಳಿಗೆ ಹೆದರಿ ಎರಡೆರಡು ಜೊತೆ ಕಾಲುಚೀಲ ಹಾಕಿಸಿದ್ದೆ. ಅದು ತಪ್ಪು. ದಪ್ಪನೆಯ ಉಣ್ಣೆಯದು ಒಂದೇ ಸಾಕು. ಎರಡು ಹಾಕಿದರೆ ಬೂಟು ಬಿಗಿಯಾಗಿ ಪಾದಕ್ಕೆ ರಕ್ತ ಓಡುವುದಿಲ್ಲ, ಕಾಲು ಇನ್ನಷ್ಟು ತಣ್ಣಗಾಗುತ್ತದೆ. ಹತ್ತಿಯ ಕಾಲುಚೀಲವನ್ನಂತೂ ಊರಲ್ಲೇ ಬಿಟ್ಟು ಬನ್ನಿ.

ಕೋಣೆಯಲ್ಲಿದ್ದದ್ದು ಒಂದು ವಿದ್ಯುತ್ ಹೀಟರು, ರಾತ್ರಿಗೆ ಐನೂರು ರೂಪಾಯಿ ಪ್ರತ್ಯೇಕ ಬಾಡಿಗೆ. "ಇದರ ಮೇಲೆ ಬಟ್ಟೆ ಹಾಕಬಾರದು" ಎಂಬ ಚೀಟಿ ಅದಕ್ಕೆ ಅಂಟಿಸಿತ್ತು. ಎರಡು ಕುರ್ಚಿಗಳನ್ನು ಎದುರು ಬದುರು ಇಟ್ಟು, ನಡುವೆ ನನ್ನ ಓಢಣಿ ಕಟ್ಟಿ, ಅದರ ಮೇಲೆ ಕಾಲುಚೀಲಗಳನ್ನು ಸಾಲಾಗಿ ಹರಡಿದೆ. ರಾತ್ರಿ ಹತ್ತಕ್ಕೆ ವಿದ್ಯುತ್ ಹೋಯಿತು. ಮತ್ತೆ ಬಂದಾಗ ಬೆಳಗಿನ ಜಾವ. ಕಿಟಕಿಯ ಗಾಜಿನ ಮೇಲೆಲ್ಲ ಹಬೆ ಕಟ್ಟಿ, ನೀರು ಇಳಿದು, ಕೆಳಗಿನ ಚಾಪೆ ನೆನೆದಿತ್ತು. ಕಾಲುಚೀಲದಿಂದ ಹೊರಟ ತೇವ ಕೋಣೆ ಬಿಟ್ಟು ಹೋಗಲು ದಾರಿಯಿಲ್ಲದೆ ಗಾಜಿಗೆ ಬಂದು ಕುಳಿತಿತ್ತು. ಕೈಗವಸಿನ ಬೆರಳುಗಳೊಳಗೆ ನನ್ನ ಬೆರಳು ಹಾಕಿ ನೋಡಿದೆ. ಬಾವಿಯ ಕಲ್ಲು ಮುಟ್ಟಿದ ಹಾಗೆ ತಣ್ಣಗೆ, ಒದ್ದೆ.

ಎರಡನೆಯ ರಾತ್ರಿ ನಮ್ಮವರು ಎಲ್ಲವನ್ನೂ ಬಾಲ್ಕನಿಯಲ್ಲಿ ಒಣಹಾಕಿದರು. ಗಾಳಿಗಾದರೂ ಒಣಗಲಿ ಎಂದು. ಬೆಳಗ್ಗೆ ಹಗ್ಗದಿಂದ ತೆಗೆದರೆ ಕಾಲುಚೀಲಗಳು ಕಡಕ್ ರೊಟ್ಟಿಯ ಹಾಗೆ ಸೆಟೆದಿದ್ದವು. ಮಗ ಒಂದನ್ನು ಮೇಜಿನ ಮೇಲೆ ನಿಲ್ಲಿಸಿದ, ಅದು ನಿಂತೇ ಇತ್ತು. ಹೆಪ್ಪುಗಟ್ಟಿದ ಬಟ್ಟೆಯೂ ನಿಧಾನವಾಗಿ ಒಣಗುತ್ತದೆ ನಿಜ, ಆದರೆ ಒಂದು ರಾತ್ರಿ ಸಾಲದು. ಕೂದಲು ಒಣಗಿಸುವ ಯಂತ್ರ ಹಚ್ಚಿದೆ; ಹೀಟರಿನೊಂದಿಗೆ ಅದೂ ಸೇರಿ ಇಡೀ ಮಹಡಿಯ ವಿದ್ಯುತ್ ಹಾರಿಹೋಯಿತು. ಪಕ್ಕದ ಕೋಣೆಯವರ ಬಳಿ ಕ್ಷಮೆ ಕೇಳಿಬಂದೆ.

ಮೂರನೆಯ ದಿನ ಮಕ್ಕಳನ್ನು ಅರೆ ಒದ್ದೆಯ ಕೈಗವಸಿನಲ್ಲೇ ಕಳಿಸಿದೆ. ಇದನ್ನು ಬರೆಯಲು ಈಗಲೂ ಮನಸ್ಸು ನೋಯುತ್ತದೆ. ಒಂದು ತಾಸಿನೊಳಗೆ ತರಬೇತುದಾರರು ಮಗಳ ಕೈಹಿಡಿದು ಹಿಂದೆ ಕರೆತಂದರು. ಅವಳ ಬೆರಳ ತುದಿಗಳು ಬಿಳಿಚಿದ್ದವು. ಅವರು ಆ ಪುಟ್ಟ ಕೈಗವಸನ್ನು ನನ್ನೆದುರಿಗೇ ಹಿಂಡಿದರು, ನೀರು ತೊಟ್ಟಿಕ್ಕಿತು. "ಇದನ್ನು ಹಾಕಿಕೊಂಡು ಬಂದರೆ ಈ ಮಗುವನ್ನು ನಾನು ಮೇಲೆ ಕರೆದೊಯ್ಯಲಾರೆ" ಎಂದರು. ಅತ್ತೆಯವರು ಮೊಮ್ಮಗಳನ್ನು ತಮ್ಮ ಕೌದಿಯೊಳಗೆ ಎಳೆದುಕೊಂಡು, ಅವಳ ಕೈಗಳನ್ನು ತಮ್ಮ ಕಂಕುಳಲ್ಲಿ ಇಟ್ಟುಕೊಂಡು ಕುಳಿತರು. ಬೆರಳಿಗೆ ಬಣ್ಣ ಬಂದು ಅವಳು ನೋವಿಗೆ ಅತ್ತಾಗ ನನಗೆ ಜೀವ ಬಂದಂತಾಯಿತು.

ಅವತ್ತು ಮಧ್ಯಾಹ್ನ ಅತ್ತೆಯವರು ಲಾಡ್ಜಿನ ವ್ಯವಸ್ಥಾಪಕರನ್ನು ಕರೆಸಿ, ನಮ್ಮವರ ಬಾಯಿಂದ ಹಿಂದಿಯಲ್ಲಿ ಹೇಳಿಸಿದರು: "ಒಂದು ಕುಂಪಟಿ ಕೆಂಡ, ಒಂದು ಬಿದಿರಿನ ಬುಟ್ಟಿ ಕೊಡಿ. ಕತ್ತಲಾಗುವುದರೊಳಗೆ ಎಲ್ಲ ಒಣಗಿಸಿ ತೋರಿಸುತ್ತೇನೆ." ಧಾರವಾಡದ ಹಳೆಯ ಮನೆಗಳಲ್ಲಿ ಬಾಳಿದವರಿಗೆ ಇದು ಗೊತ್ತು. ಜೂನ್‌ನಲ್ಲಿ ಹಿಡಿದ ಮಳೆ ಸೆಪ್ಟೆಂಬರ್‌ವರೆಗೂ ಬಿಡದ ಕಾಲದಲ್ಲಿ ಬಾಣಂತಿ ಕೋಣೆಯ ಕುಂಪಟಿಯ ಮೇಲೆ ಬುಟ್ಟಿ ಕವುಚಿ, ಅದರ ಮೇಲೆ ಕೂಸಿನ ದುಪ್ಪಟಿ ಹರವುತ್ತಿದ್ದರು. ಮೇಲೊಂದು ಚಿಟಿಕೆ ಲೋಬಾನ. ನಮ್ಮವರು ಕೂಸಾಗಿದ್ದಾಗ ಅವರ ಬಟ್ಟೆಗಳೂ ಹಾಗೆಯೇ ಒಣಗಿದ್ದವು. ಆದರೆ ವ್ಯವಸ್ಥಾಪಕರು ಖಡಾಖಂಡಿತವಾಗಿ ಒಲ್ಲೆ ಎಂದರು, ಮತ್ತು ಅದೊಂದರಲ್ಲಿ ಅವರದೇ ಸರಿ. ನಮ್ಮ ಹಂಚಿನ ಮನೆಯಲ್ಲಿ ಗಾಳಿಯಾಡುತ್ತಿತ್ತು. ಕಿಟಕಿ ಬಾಗಿಲು ಬಿಗಿದ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಮಲಗಿದವರಿಗೆ ತಿಳಿಯುವುದೂ ಇಲ್ಲ. ಹಿಮದೂರುಗಳಲ್ಲಿ ಹೀಗೆ ಸತ್ತವರಿದ್ದಾರೆ. ಯಾರಾದರೂ ಕೋಣೆಗೆ ಕೆಂಡದ ಬುಟ್ಟಿ ತಂದಿಟ್ಟರೆ ದಯವಿಟ್ಟು ಹೊರಗೆ ಕಳಿಸಿ.

ಆದರೆ "ಇಲ್ಲಿಗೆ ಬರುವವರೆಲ್ಲ ಹೀಗೆಯೇ ಹೊಂದಿಕೊಂಡು ಹೋಗುತ್ತಾರೆ" ಎಂದು ಅವರು ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಸ್ಕೀ ಲಾಡ್ಜ್ ಎಂದು ಫಲಕ ಹಾಕಿದ ಮೇಲೆ ಒದ್ದೆ ಬಟ್ಟೆ ಒಣಗಿಸಲು ಒಂದು ಬಿಸಿ ಕೋಣೆ ಇರಲೇಬೇಕು. ಅಡುಗೆಮನೆಯ ಪಕ್ಕದಲ್ಲಿ ನಾಲ್ಕು ಹಗ್ಗ ಕಟ್ಟಿ, ಗಾಳಿ ಹೊರಹೋಗಲು ಕಿಂಡಿ ಬಿಟ್ಟರೂ ನಡೆಯುತ್ತಿತ್ತು. ಹೊರಗಿನ ಚಳಿಗಾಳಿಯಲ್ಲಿ ತೇವಾಂಶ ತೀರ ಕಡಿಮೆ. ಅದೇ ಗಾಳಿಯನ್ನು ಒಳಗೆ ತಂದು ಬಿಸಿ ಮಾಡಿದರೆ ನೀರನ್ನು ಹೀರಿಕೊಳ್ಳುತ್ತದೆ. ಇಷ್ಟು ಸುಲಭದ್ದನ್ನು ಮಾಡದೆ ಇದ್ದದ್ದರಿಂದ ನಾವು ಹಣ ಕಟ್ಟಿದ ಎರಡು ದಿನದ ಪಾಠ ಹೋಯಿತು. ಆ ಎರಡೂ ದಿನ ಮಗ ಕಿಟಕಿಯ ಗಾಜು ಒರೆಸಿ ಒರೆಸಿ ಹೊರಗಿನ ಮಕ್ಕಳನ್ನು ನೋಡುತ್ತಿದ್ದ. ಔಲಿಗೆ ಒಟ್ಟು ಖರ್ಚು ಒಂದು ಲಕ್ಷ ಅರವತ್ತು ಸಾವಿರ.

ಆದ್ದರಿಂದ 2025ರಲ್ಲಿ ಲಾಡ್ಜ್ ಹುಡುಕುವಾಗ ನಾನು ಫೋನಿನಲ್ಲಿ ಕೇಳಿದ ಮೊದಲ ಪ್ರಶ್ನೆ, "ಒದ್ದೆ ಕೈಗವಸು ಎಲ್ಲಿ ಒಣಗಿಸುತ್ತೀರಿ?" ಆರು ಕಡೆ ಕೇಳಿದೆ. ನಾಲ್ಕು ಕಡೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಒಂದು ಕಡೆ "ಕೋಣೆಯಲ್ಲಿ ಹೀಟರ್ ಇದೆ" ಎಂದರು. ಸೋಲಂಗ್ ಬಳಿಯ ಒಂದು ಮನೆಯ ಹೆಣ್ಣುಮಗಳು ಮಾತ್ರ, "ತಂದೂರಿನ ಮೇಲೆ. ನೀವು ಎಷ್ಟು ಮಂದಿ?" ಎಂದಳು. ಅಲ್ಲಿಗೇ ಮುಂಗಡ ಕಳಿಸಿದೆವು.

ತಂದೂರು ಎಂದರೆ ರೊಟ್ಟಿ ಸುಡುವ ಮಣ್ಣಿನ ಒಲೆಯಲ್ಲ. ಅಲ್ಲಿನವರು ಹಾಗೆನ್ನುವುದು ತಗಡಿನ ಪೆಟ್ಟಿಗೆಯಂಥ ಒಲೆಗೆ. ಕಟ್ಟಿಗೆ ಒಳಗೆ ಉರಿಯುತ್ತದೆ, ಹೊಗೆ ಕೊಳವೆಯ ಮೂಲಕ ಮಾಳಿಗೆ ದಾಟಿ ಆಕಾಶಕ್ಕೆ ಹೋಗುತ್ತದೆ, ಬಿಸಿ ಮಾತ್ರ ನಮ್ಮ ಪಾಲಿಗೆ. ಚಳಿಗಾಲ ಸೇಬಿನ ಗಿಡ ಸವರುವ ಕಾಲ. ತೋಟದಲ್ಲಿ ಕಡಿದ ಕೊಂಬೆಗಳೇ ಒಲೆಗೆ ಬರುತ್ತಿದ್ದವು, ಉರಿಯುವಾಗ ಸಣ್ಣಗೆ ಸಿಹಿ ವಾಸನೆ.

ಒಳಗೆ ಬರುವಾಗ ಬಾಗಿಲಲ್ಲೇ ಎಲ್ಲ ಬಿಚ್ಚಿ ಕೊಡಬೇಕು, ಇದು ಆ ಮನೆಯ ಕಟ್ಟಳೆ. ಮಕ್ಕಳು ದೀದಿ ಎಂದು ಕರೆಯುತ್ತಿದ್ದ ಆ ಹೆಣ್ಣುಮಗಳು ಕೈಗವಸನ್ನು ಒಂದು ಸಲ ಬಲವಾಗಿ ಕೊಡವಿ, ಒಳಹೊರಗು ಮಾಡಿ, ಬೆರಳುಗಳನ್ನು ಒಂದೊಂದಾಗಿ ಊದಿ ಬಿಡಿಸಿ, ಕವಲು ಕಡ್ಡಿಗೆ ಸಿಕ್ಕಿಸುತ್ತಿದ್ದಳು. ಬೂಟಿನ ಒಳಗಿನ ಮೆತ್ತೆಯನ್ನು ಹೊರಗೆಳೆದು ಒಲೆಯಿಂದ ಒಂದು ಮೊಳ ದೂರದಲ್ಲಿ ನಿಲ್ಲಿಸುತ್ತಿದ್ದಳು. ಇನ್ನೂ ಹತ್ತಿರ ಇಟ್ಟರೆ ಅಂಟು ಬಿಡುತ್ತದೆ, ಉಣ್ಣೆ ಕುಗ್ಗುತ್ತದೆ ಎಂದು ಮಗನಿಗೆ ಹೇಳಿಕೊಟ್ಟಳು. ಕಾಲುಚೀಲಗಳು ಕೊಳವೆಯ ಸುತ್ತ ಕಟ್ಟಿದ ತಂತಿಯ ಮೇಲೆ. ರಾತ್ರಿ ಒಂಬತ್ತಕ್ಕೆ ಒಮ್ಮೆ ಎಲ್ಲವನ್ನೂ ಮಗುಚಿ ಹಾಕುವ ಕೆಲಸವನ್ನು ಎರಡನೆಯ ದಿನದಿಂದ ಅತ್ತೆಯವರು ಕೇಳಿ ಪಡೆದುಕೊಂಡರು. ಬೆಳಗ್ಗೆ ಮಗಳು ಬೆಚ್ಚಗಿನ ಕೈಗವಸಿನೊಳಗೆ ಕೈ ತೂರಿಸಿ, ಎರಡೂ ಅಂಗೈಯನ್ನು ಅಜ್ಜಿಯ ಕೆನ್ನೆಗೆ ಒತ್ತಿದಳು.

ಏಳು ದಿನ. ಒಂದು ದಿನವೂ ತಪ್ಪಲಿಲ್ಲ. ಐದನೆಯ ದಿನ ಮಗಳು ಸ್ಕೀಗಳ ಮುಂದುಗಡೆಯನ್ನು ಒಳಕ್ಕೆ ತಿರುಗಿಸಿ ತಾನೇ ವೇಗ ತಗ್ಗಿಸಿ ನಿಂತಳು.

ಸೋಲಂಗ್‌ನ ಕುಂದುಗಳನ್ನೂ ಹೇಳಬೇಕು. ಸ್ನಾನಕ್ಕೆ ಒಬ್ಬರಿಗೆ ಒಂದೇ ಬಕೆಟ್ ಬಿಸಿನೀರು. ಬಚ್ಚಲು ಪಡಸಾಲೆಯ ಆ ತುದಿಯಲ್ಲಿ. ರಾತ್ರಿ ಎರಡರ ಹೊತ್ತಿಗೆ ಒಲೆ ಆರಿ ಕೋಣೆ ತಣ್ಣಗಾಗುತ್ತದೆ. ಅತ್ತೆಯವರು ಊರಿನಿಂದ ಹೊತ್ತು ತಂದ ಕೌದಿ ಆಗ ಕೆಲಸಕ್ಕೆ ಬಂತು. ಇಳಿಜಾರು ಚಿಕ್ಕದು, ಸ್ವಲ್ಪ ಕಲಿತವರಿಗೆ ಸಾಲದು. ಬೆಳಗ್ಗೆ ಹನ್ನೊಂದರ ನಂತರ ಮನಾಲಿಯಿಂದ ಗಾಡಿಗಳ ಸಾಲು ಬರುತ್ತದೆ. ದಾರಿಯುದ್ದಕ್ಕೂ ಸಂಖ್ಯೆ ಬರೆದ ಅಂಗಡಿಗಳಲ್ಲಿ ಬಾಡಿಗೆ ಕೋಟು ತೊಟ್ಟ ಜನ, ಹಿಮದ ಸ್ಕೂಟರು, ಕುದುರೆ ಎಲ್ಲ ಸೇರಿ ಹಿಮ ಕೆಸರಾಗುತ್ತದೆ. ಮನಾಲಿ ಪೇಟೆಯಲ್ಲಿ ಇಳಿದುಕೊಂಡು ದಿನವೂ 13 ಕಿಲೋಮೀಟರು ಬರುವವರು ಆ ಸಾಲಿನಲ್ಲೇ ಸಿಕ್ಕಿಬೀಳುತ್ತಾರೆ. ನಾವು ಎಂಟೂವರೆಗೆಲ್ಲ ಇಳಿಜಾರಿನಲ್ಲಿರುತ್ತಿದ್ದೆವು, ಜನ ಸೇರುವ ಹೊತ್ತಿಗೆ ಒಲೆಯ ಮುಂದೆ.

ಊಟದ ವಿಷಯ. ಗುಲ್ಮಾರ್ಗ್‌ನಲ್ಲಿ ಬಗೆಬಗೆಯದಿತ್ತು, ಬೆಲೆಯೂ ಹಾಗೆಯೇ. ಔಲಿಯಲ್ಲಿ ಚಹಾ ಬಿಸಿಯಿಲ್ಲ ಎಂದು ಅತ್ತೆಯವರು ದಿನವೂ ಹೇಳುತ್ತಿದ್ದರು. ಎತ್ತರ ಹೆಚ್ಚಾದಂತೆ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ, ನೀರು ಕುದಿಯುವ ಬಿಸಿ ಇಳಿಯುತ್ತದೆ. ಅಲ್ಲಿ ಎಷ್ಟು ಕುದಿಸಿದರೂ ತೊಂಬತ್ತರ ಆಸುಪಾಸಿನಲ್ಲೇ ನಿಲ್ಲುತ್ತದೆ. ಸೋಲಂಗ್‌ನ ಮನೆಯಲ್ಲಿ ಸಿಡ್ಡು ಮಾಡಿದ್ದರು. ಹುದುಗಿಸಿದ ಗೋಧಿ ಹಿಟ್ಟಿನೊಳಗೆ ಅಕ್ರೋಟಿನ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿ, ಮೇಲೆ ತುಪ್ಪ. "ಇದು ನಮ್ಮ ಕಡುಬಿನ ಅಕ್ಕನ ಮಗಳು" ಎಂದರು ಅತ್ತೆಯವರು. ನಮ್ಮ ಶೇಂಗಾ ಚಟ್ನಿಪುಡಿಯನ್ನು ಅದಕ್ಕೆ ಹಚ್ಚಿ ತಿಂದು, ದೀದಿಯ ತಾಯಿಗೂ ಕೊಟ್ಟರು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆದರೂ ಒಲೆಯ ಎರಡು ಬದಿಗೆ ಕುಳಿತು ಏಳು ಸಂಜೆ ಮಾತಾಡಿದರು.

ಪ್ರಯಾಣ: ಮೂರಕ್ಕೂ ಹುಬ್ಬಳ್ಳಿಯಿಂದ ದೆಹಲಿಗೆ ವಿಮಾನ. ಅಲ್ಲಿಂದ ಮನಾಲಿಗೆ ರಾತ್ರಿ ಬಸ್ಸು ಅಗ್ಗ, ಅತ್ತೆಯವರು ಮಲಗಿಕೊಂಡೇ ಬಂದರು. ಕೋಣೆಗೆ ಎರಡು ಹೊತ್ತಿನ ಊಟ ಸೇರಿ ಎರಡು ಸಾವಿರ. ಎಲ್ಲ ಸೇರಿ ಒಂದೂಕಾಲು ಲಕ್ಷ, ಅದೂ ಏಳು ದಿನಕ್ಕೆ.

ಮಕ್ಕಳು ದೊಡ್ಡವರಾಗಿ ಚೆನ್ನಾಗಿ ಕಲಿಯಬೇಕು ಎನ್ನುವವರು, ತಲೆಗೆ ಮೂರು ಜೊತೆ ಕೈಗವಸು ಕೊಳ್ಳಲು ಸಿದ್ಧರಿರುವವರು ಔಲಿಗೆ ಹೋಗಲಿ. ಖರ್ಚಿನ ಚಿಂತೆಯಿಲ್ಲದವರಿಗೆ ಗುಲ್ಮಾರ್ಗ್ ಸುಖ. ಚಿಕ್ಕ ಮಕ್ಕಳು, ವಯಸ್ಸಾದವರು, ಒಂದೇ ಸಂಬಳ ಇರುವ ನಮ್ಮಂಥ ಮನೆಗೆ ಸೋಲಂಗ್. ಮುಂದಿನ ಸಲಕ್ಕೆ ದೀದಿಗೆ ಫೋನ್ ಮಾಡಿದಾಗ ಮಹಡಿಯ ಎಡಗಡೆಯ ಕೋಣೆಯನ್ನೇ ಕೇಳಿದ್ದೇನೆ. ತಂದೂರಿನ ಕೊಳವೆ ಅದರ ಮೂಲೆಯಿಂದ ಹಾದುಹೋಗುತ್ತದೆ, ಅತ್ತೆಯವರ ಹಾಸಿಗೆಯನ್ನು ಅದರ ಪಕ್ಕಕ್ಕೆ ಹಾಕಿಕೊಡುತ್ತಾರಂತೆ.